ನಿಮ್ಮ ಬೇಸ್‌ಬಾಲ್ ಕಥೆ ಯಾಕೆ ವಾಪಸ್ ಬರ್ತಿದೆ ಅಂದ್ರೆ

ನಮಸ್ಕಾರ. ನಿಮ್ಮ ಕಥೆ ಎರಡು ಸಲ ಓದಿದೆ, ಎರಡನೇ ಸಲ ಪೆನ್ ಹಿಡ್ಕೊಂಡು. ಈಗಿರೋ ರೂಪದಲ್ಲಿ ಹಾಕೋಕೆ ಆಗಲ್ಲ, ಇದನ್ನ ಮೊದಲೇ ಹೇಳ್ಬಿಡ್ತೀನಿ, ಸುಮ್ನೆ ಸುತ್ತಿ ಬಳಸಿ ಹೊಗಳಿ ಕೊನೇಲಿ "ಆದರೆ" ಅನ್ನೋ ಪತ್ರಗಳು ನನಗೂ ಬೇಕಾದಷ್ಟು ಬಂದಿವೆ, ಆ ಹಿಂಸೆ ಏನು ಅಂತ ಗೊತ್ತು.

ಕಥೆ ಇಷ್ಟು: ಸ್ಕೋರ್ ಸಮ, ಕೊನೇ ಇನ್ನಿಂಗ್‌ನ ಕೆಳಭಾಗ (ಅಂದ್ರೆ ಎರಡನೇ ತಂಡ ಬ್ಯಾಟ್ ಮಾಡೋ ಅರ್ಧ), ಒಂದು ಔಟ್, ಥರ್ಡ್ ಬೇಸ್‌ನಲ್ಲಿ ರನ್ನರ್. ಬ್ಯಾಟರ್ ರೈಟ್ ಫೀಲ್ಡ್ ಕಡೆ ಎತ್ತಿ ಹೊಡೀತಾನೆ, ಕ್ಯಾಚ್ ಆಗುತ್ತೆ, ರನ್ನರ್ ಓಡಿ ಬಂದು ಹೋಮ್ (ಬ್ಯಾಟರ್ ಹತ್ತಿರದ ಪ್ಲೇಟ್, ಅದನ್ನ ಮುಟ್ಟಿದ್ರೆ ರನ್) ಮುಟ್ತಾನೆ, ಗೆದ್ವಿ ಅಂತ ಎಲ್ರೂ ಕುಣೀತಿರೋವಾಗ ನಿಮ್ಮ ವಯಸ್ಸಾದ ಪ್ಲೇಟ್ ಅಂಪೈರ್ "ಹದ್ದಿನ ಕಣ್ಣಿನಿಂದ" ರನ್ನರ್ ಕಾಲು ಬೇಗ ಬೇಸ್ ಬಿಟ್ಟಿದ್ದನ್ನ ಕಂಡು ಕೈ ಎತ್ತಿ ಔಟ್ ಅಂತಾನೆ. ಮೈದಾನ ಸ್ತಬ್ಧ. ಮುಗೀತು.

ಸ್ವಾಮಿ, ಅವನು ಹಾಗೆ ಕೈ ಎತ್ತೋ ಹಾಗೇ ಇಲ್ಲ! ಟ್ಯಾಗ್ ಅಪ್ (ಕ್ಯಾಚ್ ಆಗೋ ಬಾಲ್ ಫೀಲ್ಡರ್‌ಗೆ ತಗುಲೋ ತನಕ ರನ್ನರ್ ಬೇಸ್ ಮುಟ್ಟಿಕೊಂಡಿರೋದು) ತಪ್ಪಿದ್ರೆ ಎದುರು ತಂಡ ಅಪೀಲ್ ಮಾಡ್ಬೇಕು, ಬಾಲ್ ಹಿಡ್ಕೊಂಡು ಆ ಬೇಸನ್ನೋ ರನ್ನರನ್ನೋ ಮುಟ್ಟಿ ಇವನು ಬೇಗ ಬಿಟ್ಟ ಅನ್ಬೇಕು, ಅಲ್ಲಿವರೆಗೂ ಅಂಪೈರ್ ಕಣ್ಣಾರೆ ಕಂಡಿದ್ರೂ ಬಾಯಿ ಮುಚ್ಕೊಂಡೇ ಇರ್ಬೇಕು. ಕ್ರಿಕೆಟ್‌ನಲ್ಲೂ ಅಪೀಲ್ ಇಲ್ದೆ ಅಂಪೈರ್ ಔಟ್ ಕೊಡಲ್ಲ ಅನ್ನೋದು ನಿಮಗೆ ಗೊತ್ತಿಲ್ದೆ ಏನಿಲ್ಲ, ಆದ್ರೆ ಅಲ್ಲಿ ಹನ್ನೊಂದು ಜನ ಮಾತೆತ್ತಿದ್ರೆ ಕಿರುಚ್ತಾರೆ, ಇಲ್ಲಿ ಎಷ್ಟೋ ಸಲ ಯಾರ ಗಮನಕ್ಕೂ ಬರಲ್ಲ. 2009ರ ಏಪ್ರಿಲ್ 12ರಂದು ಡಾಡ್ಜರ್ಸ್–ಡೈಮಂಡ್‌ಬ್ಯಾಕ್ಸ್ ಆಟದಲ್ಲಿ ಹೀಗೇ ಆಯ್ತು. ಡೈಮಂಡ್‌ಬ್ಯಾಕ್ಸ್ ಪಿಚರ್ (ಬ್ಯಾಟರ್‌ಗೆ ಬಾಲ್ ಎಸೆಯೋನು) ಡ್ಯಾನ್ ಹ್ಯಾರನ್ ನೇರ ಬಂದ ಹೊಡೆತ ಹಿಡಿದು ಸೆಕೆಂಡ್ ಬೇಸ್ ಕಡೆ ಎಸೆದ, ಅಲ್ಲಿ ಹ್ವಾನ್ ಪಿಯರ್‌ನ ಮುಟ್ಟಿ ಮೂರನೇ ಔಟ್ ಮಾಡಿದ್ರು, ಅಷ್ಟೊತ್ತಿಗೆ ಥರ್ಡ್‌ನಲ್ಲಿದ್ದ ಆಂಡ್ರೆ ಈಥಿಯರ್ ಟ್ಯಾಗ್ ಅಪ್ ಮಾಡ್ದೇನೇ ಹೋಮ್ ದಾಟಿದ್ದ. ಡೈಮಂಡ್‌ಬ್ಯಾಕ್ಸ್‌ನವರು ಇನ್ನಿಂಗ್ ಮುಗೀತಲ್ಲ ಅಂತ ಅಪೀಲ್ ಮಾಡ್ದೆ ಒಳಗೆ ನಡೆದುಬಿಟ್ರು. ರನ್ ಲೆಕ್ಕಕ್ಕೆ ಬಂತು! ಟ್ಯಾಗ್ ಅಪ್ ತಪ್ಪಿದ ಔಟು ಫೋರ್ಸ್ ಔಟ್ (ಹಿಂದಿನವನಿಗೆ ಜಾಗ ಬಿಡೋಕೆ ಮುಂದಿನ ಬೇಸ್‌ಗೆ ಓಡ್ಲೇಬೇಕಾದಾಗ ಆಗೋ ಔಟು) ಅಲ್ಲ ನೋಡಿ, ಹಾಗಾಗಿ ಮೂರನೇ ಔಟಿಗಿಂತ ಮುಂಚೆ ಹೋಮ್ ಮುಟ್ಟಿದ ರನ್ ಕೇಳೋರಿಲ್ದಿದ್ರೆ ಉಳ್ಕೊಳ್ಳುತ್ತೆ.

ಇನ್ನು ಆ ಹದ್ದಿನ ಕಣ್ಣು. ಇದನ್ನ ದಯವಿಟ್ಟು ತೆಗೀರಿ. ಕಾಲು ನೋಡೋದಲ್ಲ ಕಷ್ಟ, ಕಾಲು ಮತ್ತು ಗ್ಲವ್ ಎರಡನ್ನೂ ಒಂದೇ ಕ್ಷಣದಲ್ಲಿ ನೋಡೋದು ಕಷ್ಟ, ಒಂದು ಇಲ್ಲಿದೆ ಇನ್ನೊಂದು ಮುನ್ನೂರು ಅಡಿ ಆಚೆಗಿದೆ. ಅದಕ್ಕೆ ಬೇಕಿರೋದು ಕಣ್ಣಲ್ಲ, ನಿಲ್ಲೋ ಜಾಗ. ನಿಮ್ಮ ಕಥೇಲಿ ಇಬ್ಬರೇ ಅಂಪೈರ್ ಇದ್ದಾರೆ (ಅದು ಒಳ್ಳೇದೇ ಆಯ್ತು), ಇಬ್ಬರೇ ಇದ್ದಾಗ ಥರ್ಡ್ ಬೇಸ್ ರನ್ನರ್ ಸಾಮಾನ್ಯವಾಗಿ ಪ್ಲೇಟ್ ಅಂಪೈರ್ ಜವಾಬ್ದಾರಿ. ಬಾಲ್ ಮೇಲೆ ಹೋದ ತಕ್ಷಣ ಅವನು ಮಾಸ್ಕ್ ಕಿತ್ತು ಎಡಗೈಲಿ ಹಿಡ್ಕೊಂಡು ಥರ್ಡ್ ಬೇಸ್ ಕಡೆಯ ಫೌಲ್ ಜಾಗಕ್ಕೆ (ಗೆರೆಯ ಹೊರಗೆ) ಓಡ್ತಾನೆ, ಯಾಕಂದ್ರೆ ಅಲ್ಲಿಂದ ನೋಡಿದ್ರೆ ಹತ್ತಿರದಲ್ಲಿ ರನ್ನರ್ ಕಾಲು, ಅದರ ಹಿಂದೆ ದೂರದಲ್ಲಿ ರೈಟ್ ಫೀಲ್ಡರ್ ಗ್ಲವ್, ಎರಡೂ ಒಂದೇ ಗೆರೇಲಿ ಬರುತ್ತೆ, ಕತ್ತು ತಿರುಗಿಸೋ ಕೆಲಸ ಇರಲ್ಲ. ಅದೇ ಬಾಲ್ ಲೆಫ್ಟ್ ಫೀಲ್ಡ್‌ಗೆ ಹೋಗಿದ್ರೆ ಪ್ಲೇಟ್ ಹತ್ತಿರಾನೇ ಆ ಗೆರೆ ಸಿಕ್ಕಿರೋದು. ನೀವು ರೈಟ್ ಫೀಲ್ಡ್ ಅಂತ ಬರೆದಿದ್ದೀರಿ, ಅಂದ್ರೆ ಅವನು ಓಡ್ಲೇಬೇಕು, ನೋಡ್ಬೇಕು, ಮತ್ತೆ ರನ್ನರ್ 90 ಅಡಿ ಓಡಿ ಬರೋದ್ರೊಳಗೆ ವಾಪಸ್ ಪ್ಲೇಟ್ ಹತ್ತಿರ ಇರ್ಬೇಕು. ಮಂಡಿ ನೋವಿರೋ ಮುದುಕ ಅಂತ ಮೊದಲನೇ ಪುಟದಲ್ಲೇ ಹೇಳ್ಬಿಟ್ಟು ಆ ಮಂಡಿಯನ್ನ ಮುಂದೆಲ್ಲೂ ಬಳಸ್ಲೇ ಇಲ್ವಲ್ಲ ನೀವು!

"ಗ್ಲವ್‌ಗೆ ಬಾಲ್ ಬಿದ್ದ ಟಪ್ ಸದ್ದು ಕೇಳಿ ನಿರ್ಧರಿಸಿದ" ಅಂತ ಬೇರೆ ಬರೆದಿದ್ದೀರಿ. ಫಸ್ಟ್ ಬೇಸ್‌ನಲ್ಲಿ ಕಾಲು ನೋಡ್ತಾ ಸದ್ದು ಕೇಳೋದು ನಿಜ, ಅಲ್ಲಿ ಅಂಪೈರ್ ಪಕ್ಕದಲ್ಲೇ ಇರ್ತಾನೆ. ಮುನ್ನೂರು ಅಡಿಯಿಂದ ಸದ್ದು ಬರೋಕೆ ಕಾಲು ಸೆಕೆಂಡ್‌ಗಿಂತ ಜಾಸ್ತಿ ಬೇಕು, ಸದ್ದು ನಂಬ್ಕೊಂಡು ಕೂತ್ರೆ ಸರಿಯಾಗಿ ಬಿಟ್ಟ ರನ್ನರ್ ಕೂಡ ಬೇಗ ಬಿಟ್ಟ ಹಾಗೇ ಕಾಣ್ತಾನೆ.

ಇನ್ನೊಂದು, ಇದು ದೊಡ್ಡ ತಪ್ಪು. ಫೀಲ್ಡರ್ ಕೈಲಿ ಬಾಲ್ ಎರಡು ಸಲ ಪುಟಿದು ಆಮೇಲೆ ಕೂತಿತು, ರನ್ನರ್ ಅದಕ್ಕೆ ಮುಂಚೆ ಓಡಿದ, ಅದಕ್ಕೇ ಔಟು ಅಂದಿದ್ದೀರಿ. ಉಲ್ಟಾ. ಬಾಲ್ ಮೊದಲ ಫೀಲ್ಡರ್‌ಗೆ ತಗುಲಿದ ಕ್ಷಣವೇ ರನ್ನರ್ ಹೊರಡಬಹುದು, ಗಟ್ಟಿಯಾಗಿ ಹಿಡಿಯೋ ತನಕ ಕಾಯ್ಬೇಕಿಲ್ಲ, ಹಾಗೆ ಕಾಯಿಸೋ ರೂಲ್ ಇದ್ದಿದ್ರೆ ಫೀಲ್ಡರ್‌ಗಳು ಬಾಲನ್ನ ಕೈಲಿ ಕುಣಿಸ್ತಾ ಕುಣಿಸ್ತಾ ಒಳಗೆ ಓಡಿ ಬಂದುಬಿಡ್ತಿದ್ರು. ನೀವು ಬರೆದ ರನ್ನರ್ ನಿರಪರಾಧಿ. ಅವನನ್ನ ತಪ್ಪಿತಸ್ಥ ಮಾಡ್ಲೇಬೇಕು ಅಂದ್ರೆ ಆ ಪುಟಿಯೋದನ್ನ ತೆಗೆದುಬಿಡಿ. ಇಲ್ಲಾಂದ್ರೆ ಬೇಸ್ ಹಿಂದೆ ನಾಲ್ಕು ಹೆಜ್ಜೆಯಿಂದ ಓಡ್ಕೊಂಡು ಬಂದು ಕ್ಯಾಚ್ ಹೊತ್ತಿಗೆ ಬೇಸ್ ತುಳಿದು ಹಾಗೇ ಹೋಗ್ಲಿ, ಅದೂ ತಪ್ಪೇ, ಬೇಸ್ ಮುಟ್ಟಿಕೊಂಡು ನಿಂತ ಜಾಗದಿಂದಲೇ ಹೊರಡ್ಬೇಕು.

ಆಟ ಯಾವ ವರ್ಷದ್ದು, ಯಾವ ಲೀಗ್ ಅಂತಾನೂ ಒಂದು ಸಾಲಲ್ಲಿ ಹೇಳ್ಬಿಡಿ. ಮೇಜರ್ ಲೀಗ್‌ನಲ್ಲಿ 2015ರಿಂದ ಟ್ಯಾಗ್ ಅಪ್ ಕೂಡ ವಿಡಿಯೋ ರಿವ್ಯೂಗೆ ಹೋಗುತ್ತೆ, ಆಗ ನಿಮ್ಮ ಮುದುಕನ ಕಣ್ಣಿಗೆ ಬೆಲೆಯೇ ಇಲ್ಲ. ಇಬ್ಬರೇ ಅಂಪೈರ್ ಇರೋ ಚಿಕ್ಕ ಲೀಗ್ ಇಟ್ಕೊಂಡ್ರೆ ಬಚಾವ್.

ಈಗ ನನಗೆ ನಿಜವಾಗ್ಲೂ ಹೊಟ್ಟೆ ಉರಿಸಿದ್ದು ಏನು ಅಂದ್ರೆ, ಕಥೆ ನಿಮ್ಮ ಕೈಯಲ್ಲೇ ಇತ್ತು, ನೀವು ಅದನ್ನ ಒಂದು ಕೈ ಎತ್ತೋದ್ರಲ್ಲಿ ಮುಗಿಸಿಬಿಟ್ರಿ. ಕಾಲು ಬೇಗ ಬಿಟ್ಟಿದ್ದನ್ನ ಕಂಡವನು ಅವನೊಬ್ಬನೇ. ಗೆದ್ದವರು ಕುಣೀತಿದ್ದಾರೆ. ಸೋತವರು ತಲೆ ತಗ್ಗಿಸಿ ಡಗ್‌ಔಟ್ ಕಡೆ ನಡೀತಿದ್ದಾರೆ. ರೂಲ್ ಪ್ರಕಾರ ಪಿಚರ್ ಮತ್ತು ಎಲ್ಲಾ ಇನ್‌ಫೀಲ್ಡರ್‌ಗಳು (ಬೇಸ್‌ಗಳ ಹತ್ತಿರ ನಿಲ್ಲೋ ಫೀಲ್ಡರ್‌ಗಳು) ಫೇರ್ ಜಾಗ (ಎರಡು ಫೌಲ್ ಲೈನ್‌ಗಳ ಒಳಗಿನ ಜಾಗ) ದಾಟಿ ಹೋಗೋ ತನಕ ಅಪೀಲ್‌ಗೆ ಅವಕಾಶ ಇದೆ, ಅಂದ್ರೆ ಒಬ್ಬನೇ ಒಬ್ಬ ಫೌಲ್ ಲೈನಿಂದ ಈಚೆಗೆ ಉಳಿದಿದ್ರೂ ಆಟ ಇನ್ನೂ ಬದುಕಿದೆ, ಯಾರಾದ್ರೂ ಒಂದು ಮಾತು ಕೇಳಿ ಬೇಸ್ ಮುಟ್ಟಿದ್ರೆ ಸಾಕು, ರನ್ ರದ್ದು, ಇನ್ನೊಂದು ಇನ್ನಿಂಗ್. ಇವನು ಸುಳಿವು ಕೊಡೋ ಹಾಗಿಲ್ಲ, ಬೇಸ್ ಕಡೆ ದಿಟ್ಟಿಸಿ ನೋಡೋ ಹಾಗೂ ಇಲ್ಲ, ಸುಮ್ನೆ ನಿಂತು ಸೋತವರ ಬೂಟುಗಳು ಒಂದೊಂದಾಗಿ ಆ ಬಿಳಿ ಗೆರೆ ದಾಟೋದನ್ನ ನೋಡ್ತಿರ್ಬೇಕು. ಫಸ್ಟ್ ಬೇಸ್‌ಮನ್ ದಾಟಿದ. ಪಿಚರ್ ದಾಟಿದ. ಶಾರ್ಟ್‌ಸ್ಟಾಪ್ ಶೂ ಲೇಸ್ ಕಟ್ಕೊಳ್ಳೋಕೆ ಗೆರೆಗಿಂತ ಎರಡು ಹೆಜ್ಜೆ ಹಿಂದೆ ಬಗ್ಗಿದ್ದಾನೆ ಅಂತಿಟ್ಕೊಳ್ಳಿ.

ಅಲ್ಲಿಂದ ಮುಂದೆ ನೀವೇ ಬರೀರಿ, ನಾನು ಹೇಳಲ್ಲ. ಅಪೀಲ್ ಬಂತೋ ಇಲ್ವೋ ಅನ್ನೋದೂ ನಿಮಗೇ ಬಿಟ್ಟಿದ್ದು.

ಅಂಪೈರ್ ಬ್ರಷ್ ತಗೊಂಡು ಜನಕ್ಕೆ ಬೆನ್ನು ತೋರಿಸಿ ಬಗ್ಗಿ ಪ್ಲೇಟ್ ಒರೆಸೋ ಪ್ಯಾರಾ ಇದೆಯಲ್ಲ, ಅದನ್ನ ಮುಟ್ಬೇಡಿ, ಅದು ಚೆನ್ನಾಗಿದೆ. ಮಗಳ ಮದುವೆ ಫ್ಲ್ಯಾಶ್‌ಬ್ಯಾಕ್ ಪೂರ್ತಿ ಕಿತ್ತಾಕಿ. "ಇನ್ನಿಂಗ್ಸ್" ಅಂತ ಇರೋ ಕಡೆಯೆಲ್ಲ "ಇನ್ನಿಂಗ್" ಮಾಡಿ. ಎಂಟು ಪುಟ ಇದೆ, ಐದಕ್ಕೆ ಇಳಿಸಿ ಕಳ್ಸಿ, ಬಂದ ವಾರದಲ್ಲೇ ಓದ್ತೀನಿ.