ಪೆಂಟಿಯಮ್ ಜಿ4560 ತಗೊಳ್ಳಲೋ, ಅಥ್ಲಾನ್ 200ಜಿಇ ತಗೊಳ್ಳಲೋ?

ಪ್ರಶ್ನೆ: ಇಂಡಿಯಲ್ಲಿ ಆನ್‌ಲೈನ್ ಸೆಂಟರ್ ಇಟ್ಟಿದ್ದೇನೆ. ಪಹಣಿ ತೆಗೆಯುವುದು, ಬೆಳೆ ವಿಮೆ, ಸ್ಕಾಲರ್‌ಶಿಪ್ ಅರ್ಜಿ, ಪಾಸ್‌ಪೋರ್ಟ್ ಸೈಜ್ ಫೋಟೊ, ನುಡಿಯಲ್ಲಿ ಟೈಪಿಂಗ್, ಇಷ್ಟೇ ಕೆಲಸ. ಈಗಿನ ಕಂಪ್ಯೂಟರ್ ಪದೇ ಪದೇ ಹ್ಯಾಂಗ್ ಆಗುತ್ತದೆ. ವಿಜಯಪುರದಲ್ಲಿ ಎರಡು ಸೆಕೆಂಡ್ ಹ್ಯಾಂಡ್ ಸಿಸ್ಟಮ್ ನೋಡಿ ಬಂದೆ. ಒಂದು ಇಂಟೆಲ್ ಪೆಂಟಿಯಮ್ ಜಿ4560, ಎಚ್110 ಮದರ್‌ಬೋರ್ಡ್, 8 ಜಿಬಿ ರ್‍ಯಾಮ್. ಇನ್ನೊಂದು ಎಎಂಡಿ ಅಥ್ಲಾನ್ 200ಜಿಇ, ಎ320 ಬೋರ್ಡ್, 4 ಜಿಬಿ ರ್‍ಯಾಮ್. ಎರಡರಲ್ಲೂ ಹಾರ್ಡ್ ಡಿಸ್ಕ್ ಇದೆ. ರೇಟು ಹೆಚ್ಚುಕಡಿಮೆ ಒಂದೇ. ಅಂಗಡಿಯವರು, ‘ಇಂಟೆಲ್ 3.5 ಗಿಗಾಹರ್ಟ್ಸ್, ಎಎಂಡಿ ಬರೀ 3.2, ಇಂಟೆಲ್‌ನೇ ಒಯ್ಯಿರಿ’ ಅನ್ನುತ್ತಾರೆ. ಯಾವುದು ತರಲಿ, ಸರ್?
– ಎಂ. ಎಸ್., ಇಂಡಿ

ಉತ್ತರ: ಅಥ್ಲಾನ್ ಇರುವುದನ್ನು ತನ್ನಿ. ಅದು ಜಾಸ್ತಿ ಫಾಸ್ಟ್ ಅಂತ ಹೇಳುತ್ತಿಲ್ಲ. ಅದು ಕೂತಿರುವ ಬೋರ್ಡ್ ನಿಮಗೆ ಮುಂದೆ ಕೆಲಸಕ್ಕೆ ಬರುತ್ತದೆ, ಅದಕ್ಕೆ.

ಮೊದಲು ಗಿಗಾಹರ್ಟ್ಸ್ ಮಾತು ಮುಗಿಸೋಣ. ಎರಡರಲ್ಲೂ 2 ಕೋರ್, 4 ಥ್ರೆಡ್. ಅಂದರೆ ಕೆಲಸ ಮಾಡುವ ಘಟಕ ಎರಡು, ಒಮ್ಮೆಗೆ ಸಾಗಿಸುವ ಕೆಲಸದ ಸಾಲು ನಾಲ್ಕು. ಜಿ4560 ಬಂದದ್ದು 2017ರ ಜನವರಿಯಲ್ಲಿ, 64 ಡಾಲರ್‌ಗೆ. ಅದುವರೆಗೆ ಇಂಟೆಲ್‌ನ ಮಾಮೂಲಿ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ 4 ಥ್ರೆಡ್ ಬೇಕಿದ್ದರೆ ಸಾಮಾನ್ಯವಾಗಿ ಐ3 ಕೊಳ್ಳಬೇಕಿತ್ತು. ಆಗಿನ ಐ3-7100ರ ಬೆಲೆ 117 ಡಾಲರ್. ಅರ್ಧ ದುಡ್ಡಿಗೆ ಹತ್ತಿರ ಹತ್ತಿರ ಅದೇ ಕೆಲಸ ಸಿಕ್ಕಿತು ಅಂತ ಜನ ಮುಗಿಬಿದ್ದು ಕೊಂಡರು. ನಿಜಕ್ಕೂ ಒಳ್ಳೆಯ ಪ್ರೊಸೆಸರ್ ಅದು. ಅದಕ್ಕೆ ಉತ್ತರವಾಗಿ ಎಎಂಡಿ 2018ರ ಸೆಪ್ಟೆಂಬರ್‌ನಲ್ಲಿ 55 ಡಾಲರ್‌ಗೆ ಅಥ್ಲಾನ್ 200ಜಿಇ ತಂದಿತು. ಒಂದೇ ಕೋರ್ ಮೇಲೆ ಭಾರ ಬೀಳುವ ಕೆಲಸದಲ್ಲಿ ಪೆಂಟಿಯಮ್ ಸ್ವಲ್ಪ ಮುಂದೆ, ಒಳಗಿರುವ ಗ್ರಾಫಿಕ್ಸ್‌ನಲ್ಲಿ ಅಥ್ಲಾನ್ ಚೆನ್ನಾಗಿ ಮುಂದೆ. ಪಹಣಿ ತೆಗೆಯುವಾಗ ಈ ಎರಡರ ವ್ಯತ್ಯಾಸ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಸರ್ವರ್ ಡೌನ್ ಇದ್ದ ದಿನ ಯಾವ ಪ್ರೊಸೆಸರ್ ಇದ್ದರೂ ಕಾಯಲೇಬೇಕು.

ಒಂದು ಕೊರತೆ ಮಾತ್ರ ಗೊತ್ತಿರಲಿ. ಫೋಟೊ, ವಿಡಿಯೊದಂಥ ಭಾರಿ ಲೆಕ್ಕವನ್ನು ಬೇಗ ಮುಗಿಸುವ ಎವಿಎಕ್ಸ್ ಅನ್ನುವ ಸೌಲಭ್ಯ ಪೆಂಟಿಯಮ್‌ನಲ್ಲಿಲ್ಲ. ಅಥ್ಲಾನ್‌ನಲ್ಲಿ ಇದೆ. ಹೊಸ ಫೋಟೊ, ವಿಡಿಯೊ ಸಾಫ್ಟ್‌ವೇರ್‌ಗಳಲ್ಲಿ ಕೆಲವು ಇದಿಲ್ಲದಿದ್ದರೆ ತೆರೆಯುವುದೇ ಇಲ್ಲ. ಫೋಟೊ ಕೆಲಸ ಮಾಡುವ ನಿಮಗೆ ಇದು ಇವತ್ತಲ್ಲ ನಾಳೆ ಅಡ್ಡ ಬರುತ್ತದೆ.

ಈಗ ಮುಖ್ಯ ವಿಷಯ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಒಪ್ಪಿದ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಜಿ4560 ಇಲ್ಲ, 200ಜಿಇ ಕೂಡ ಇಲ್ಲ. ಹಾಗಾದರೆ ಎರಡೂ ಒಂದೇ ಅಲ್ವಾ ಅಂತ ಅನ್ನಿಸಬಹುದು. ಅಲ್ಲ. ಎಚ್110 ಬೋರ್ಡಿಗೆ ಇಂಟೆಲ್‌ನ 6 ಮತ್ತು 7ನೇ ಪೀಳಿಗೆಯ ಪ್ರೊಸೆಸರ್ ಅಷ್ಟೇ ಕೂರುತ್ತವೆ. ಅದಕ್ಕೆ ದುಬಾರಿ ಐ7-7700 ಹಾಕಿದರೂ ಪಟ್ಟಿಯೊಳಗೆ ಬರುವುದಿಲ್ಲ. ಅಲ್ಲಿಗೆ ದಾರಿ ಮುಗಿಯಿತು. ಎ320 ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಎಎಂ4 ಸಾಕೆಟ್ ಹಾಗಲ್ಲ. ಬಯೋಸ್ (ಕಂಪ್ಯೂಟರ್ ಶುರು ಮಾಡಲು ಬೋರ್ಡಿನಲ್ಲೇ ಇರುವ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿಕೊಂಡು ಅದೇ ಬೋರ್ಡಿಗೆ ಎಎಂಡಿಯದೇ 4 ಕೋರ್‌ನ ರೈಜನ್ 3 3200ಜಿ ಹಾಕಬಹುದು. ಕಂಪನಿ ಅಪ್‌ಡೇಟ್ ಕೊಟ್ಟಿರುವ ಬೋರ್ಡ್ ಆದರೆ 6 ಕೋರ್‌ನ ರೈಜನ್ 5 5600ಜಿ ಕೂಡ ಕೂರುತ್ತದೆ. ಇವೆರಡೂ ವಿಂಡೋಸ್ 11ರ ಪಟ್ಟಿಯಲ್ಲಿವೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಿಮ್ಮ ಕಂಪ್ಯೂಟರ್‌ನಲ್ಲಿ ನಿಮ್ಮ ಫೋಟೊ ಅಷ್ಟೇ ಇರುವುದಿಲ್ಲ. ಊರಿನ ಜನರ ಆಧಾರ್, ಬ್ಯಾಂಕ್ ಪಾಸ್‌ಬುಕ್ ಪಿಡಿಎಫ್‌ಗಳು ಡೌನ್‌ಲೋಡ್ಸ್ ಫೋಲ್ಡರ್ ತುಂಬ ಬಿದ್ದಿರುತ್ತವೆ. ಅವರು ನಿಮ್ಮನ್ನು ನಂಬಿ ಒಟಿಪಿ ಹೇಳುತ್ತಾರೆ. ಸೆಕ್ಯುರಿಟಿ ಅಪ್‌ಡೇಟ್ ಬರದ ಸಿಸ್ಟಮ್ ಮೇಲೆ ಅಂಥ ಕೆಲಸವನ್ನು ವರ್ಷಗಟ್ಟಲೆ ಮಾಡುವುದು ಸರಿಯಲ್ಲ. ದಯವಿಟ್ಟು ದಿನಾ ಸಂಜೆ ಆ ಫೋಲ್ಡರ್ ಖಾಲಿ ಮಾಡಿ.

ಅಥ್ಲಾನ್ ತಂದಮೇಲೆ ಮೊದಲ ಖರ್ಚು ಎಸ್‌ಎಸ್‌ಡಿಗೆ, ಅಂದರೆ ಹಾರ್ಡ್ ಡಿಸ್ಕಿನ ಬದಲು ಹಾಕುವ ವೇಗದ ಡ್ರೈವಿಗೆ ಮಾಡಿ. ಈಗ ಹ್ಯಾಂಗ್ ಆಗುತ್ತಿರುವುದು ಬಹುಪಾಲು ಹಾರ್ಡ್ ಡಿಸ್ಕಿನಿಂದಲೇ ಇರುತ್ತದೆ. ಹಾರ್ಡ್ ಡಿಸ್ಕಿನಂತೆಯೇ ಕೇಬಲ್ಲಿಗೆ ಸಿಕ್ಕಿಸುವ ಸಾಟಾ ಎಸ್‌ಎಸ್‌ಡಿ ಸಾಕು. ಎರಡನೆಯದು ರ್‍ಯಾಮ್. 4 ಜಿಬಿ ಸಾಲದು, ಯಾಕೆಂದರೆ ಒಳಗಿನ ಗ್ರಾಫಿಕ್ಸ್ ಅದರಲ್ಲೇ ಒಂದು ಪಾಲು ತಿನ್ನುತ್ತದೆ. ಈಗಿರುವಂಥದ್ದೇ ಇನ್ನೊಂದು 4 ಜಿಬಿ ಹಾಕಿದರೆ ಎರಡೂ ಒಟ್ಟಿಗೆ ಕೆಲಸ ಮಾಡಿ (ಡ್ಯುಯಲ್ ಚಾನೆಲ್) ಗ್ರಾಫಿಕ್ಸ್ ಕೂಡ ಸುಧಾರಿಸುತ್ತದೆ. ವಿಮೆಯ ಕೊನೇ ದಿನ ರೈತರು ಪಾಳಿ ಹಚ್ಚಿ ನಿಂತಾಗ ನಿಮಗೆ ಸಹಾಯ ಆಗುವುದು ಈ ಎರಡು ಖರ್ಚಿನಿಂದ. ಪ್ರೊಸೆಸರ್ ಬದಲಿಸುವುದು ಆಮೇಲೆ, ಕೈಯಲ್ಲಿ ದುಡ್ಡು ಇದ್ದಾಗ.

ದುಡ್ಡು ಕೊಡುವ ಮುಂಚೆ ಬೋರ್ಡ್ ಮೇಲೆ ಅಚ್ಚಾಗಿರುವ ಮಾಡೆಲ್ ಹೆಸರು ಬರೆದುಕೊಳ್ಳಿ. ಕಂಪನಿಯ ವೆಬ್‌ಸೈಟಿನಲ್ಲಿ ಆ ಬೋರ್ಡಿಗೆ ಯಾವ ಪ್ರೊಸೆಸರ್ ನಡೆಯುತ್ತದೆ, ಯಾವ ಬಯೋಸ್ ಬೇಕು ಅನ್ನುವ ಪಟ್ಟಿ ಇರುತ್ತದೆ. ಬಯೋಸ್ ಅಪ್‌ಡೇಟ್ ಹಳೆ ಅಥ್ಲಾನ್ ಕೂತಿರುವಾಗಲೇ ಮಾಡಬೇಕು, ಅದೂ ಯುಪಿಎಸ್ ಮೇಲೆ. ನಡುವೆ ಕರೆಂಟ್ ಹೋದರೆ ಬೋರ್ಡೇ ಹೋಗಬಹುದು.

ಕರೆಂಟ್ ವಿಷಯ ಬಂತು, ಹೇಳಿಬಿಡುತ್ತೇನೆ. ಪೆಂಟಿಯಮ್ 54 ವ್ಯಾಟ್, ಅಥ್ಲಾನ್ 35 ವ್ಯಾಟ್ ಅಂತ ಕಂಪನಿಗಳು ಬರೆದಿವೆ. ಬಿಲ್ಲಿನಲ್ಲಿ ದೊಡ್ಡ ಉಳಿತಾಯ ಏನೂ ಕಾಣದು. ಆದರೆ ನಮ್ಮ ಕಡೆಯ ಮೇ ತಿಂಗಳ ಬಿಸಿಲಿನಲ್ಲಿ, ತಗಡಿನ ಶೀಟ್ ಕೆಳಗೆ ಕಡಿಮೆ ಕಾಯುವ ಪ್ರೊಸೆಸರ್ ಒಳ್ಳೆಯದು. ಬೇಸಿಗೆಗೆ ಮುಂಚೆ ಕೂಲರ್‌ನ ಧೂಳು ಊದಿಸಿ, ಪ್ರೊಸೆಸರ್ ಮತ್ತು ಕೂಲರ್ ನಡುವೆ ಹೊಸ ಥರ್ಮಲ್ ಪೇಸ್ಟ್ ಹಚ್ಚಿಸಿ.

ಪ್ರಶ್ನೆ: ನನ್ನ ಹತ್ತಿರ ಜಿ4560 ಇದೆ, ಎಚ್110 ಬೋರ್ಡ್. ಐ3-8100 ಅಗ್ಗಕ್ಕೆ ಸಿಗುತ್ತಿದೆ. ಸಾಕೆಟ್ ಎರಡಕ್ಕೂ 1151 ಅಲ್ವಾ, ಹಾಕಬಹುದಾ? ನಾನು ಪ್ರೋಗ್ರಾಮಿಂಗ್ ಕಲಿಯುತ್ತಿದ್ದೇನೆ.
– ವಿದ್ಯಾರ್ಥಿನಿ, ಟಿಳಕವಾಡಿ, ಬೆಳಗಾವಿ

ಉತ್ತರ: ಬೇಡಮ್ಮ, ಅದು ನಡೆಯುವುದಿಲ್ಲ. ಸಾಕೆಟ್ ನೋಡಲು ಒಂದೇ, ಆದರೆ 8ನೇ ಪೀಳಿಗೆಯಲ್ಲಿ ಇಂಟೆಲ್ ಪಿನ್‌ಗಳ ಕೆಲಸ ಬದಲಿಸಿತು. ಅದಕ್ಕೆ 300 ಸರಣಿಯ ಬೋರ್ಡ್ ಬೇಕು. ನಿಮ್ಮ ಬೋರ್ಡಿಗೆ ಐ5-6500 ಅಥವಾ ಐ5-7500 ಕೂರುತ್ತದೆ. ನಿಜವಾದ 4 ಕೋರ್, ಎವಿಎಕ್ಸ್ ಕೂಡ ಸಿಗುತ್ತದೆ. ಆದರೆ ಕಲಿಯಲು ಈಗಿರುವುದೇ ಸಾಕು. ಲಿನಕ್ಸ್ ಮಿಂಟ್ ಹಾಕಿಕೊಳ್ಳಿ. ಸೆಕ್ಯುರಿಟಿ ಅಪ್‌ಡೇಟ್ ಬರುತ್ತಿರುತ್ತದೆ, ಪೈಥಾನ್, ಸಿ ಎಲ್ಲ ಚೆನ್ನಾಗಿ ನಡೆಯುತ್ತವೆ. ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಕನ್ನಡದ ಕಗಪ ವಿನ್ಯಾಸವೂ ಇದೆ, ನುಡಿಯಲ್ಲಿ ರೂಢಿಯಾದ ಬೆರಳಿಗೆ ತ್ರಾಸಾಗದು.

ಪ್ರಶ್ನೆ: ಅಥ್ಲಾನ್ 200ಜಿಇ ಸಿಸ್ಟಮ್‌ನ ಕೂಲರ್ ತೆಗೆಯುವಾಗ ಪ್ರೊಸೆಸರ್ ಅದಕ್ಕೇ ಅಂಟಿ ಕಿತ್ತು ಬಂತು. ಕೆಲವು ಪಿನ್ ಬಾಗಿವೆ. ಎಸೆಯಬೇಕಾ?
– ಓದುಗರು, ಜಮಖಂಡಿ

ಉತ್ತರ: ಎಸೆಯಬೇಡಿ. ಎಎಂ4ನಲ್ಲಿ ಪಿನ್‌ಗಳು ಪ್ರೊಸೆಸರ್ ಮೇಲೇ ಇರುತ್ತವೆ, ಬಾಗಿದ್ದನ್ನು ನೆಟ್ಟಗೆ ಮಾಡಬಹುದು. ಪೆಂಟಿಯಮ್‌ನಲ್ಲಾದರೆ ಪಿನ್ ಬೋರ್ಡಿನ ಸಾಕೆಟ್‌ನಲ್ಲಿರುತ್ತವೆ, ಅವು ಬಾಗಿದರೆ ರಿಪೇರಿ ಇನ್ನೂ ಕಷ್ಟ. ಕಡ್ಡಿ ತೆಗೆದ 0.5 ಮೆಕ್ಯಾನಿಕಲ್ ಪೆನ್ಸಿಲ್ ತುದಿಯನ್ನು ಪಿನ್ ಮೇಲೆ ಇಳಿಸಿ, ನಿಧಾನವಾಗಿ ಎತ್ತಿ. ಒಂದೇ ಸಲಕ್ಕೆ ಪೂರ್ತಿ ನೆಟ್ಟಗೆ ಮಾಡಲು ಹೋಗಬೇಡಿ, ಮುರಿಯುತ್ತದೆ. ಸಾಲು ಸರಿ ಇದೆಯಾ ಅಂತ ಪಕ್ಕದಿಂದ ಬೆಳಕು ಹಿಡಿದು ನೋಡಿ. ಇನ್ನು ಮುಂದೆ ಕೂಲರ್ ತೆಗೆಯುವ ಮುಂಚೆ ಸ್ವಲ್ಪ ಹೊತ್ತು ಕಂಪ್ಯೂಟರ್ ಓಡಿಸಿ. ಪೇಸ್ಟ್ ಮೆತ್ತಗಾಗುತ್ತದೆ. ಪೂರ್ತಿ ಆಫ್ ಮಾಡಿ, ಪ್ಲಗ್ ಕಿತ್ತು, ಕೂಲರ್ ಅನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ತಿರುಗಿಸಿ ಆಮೇಲೆ ಎತ್ತಿ. ವಾಪಸ್ ಕೂರಿಸುವಾಗ ಲಿವರ್ ಎತ್ತಿರಬೇಕು, ಮೂಲೆಯ ತ್ರಿಕೋನ ಗುರುತು ಹೊಂದಬೇಕು. ಪ್ರೊಸೆಸರ್ ಒತ್ತದೆ ತಾನಾಗಿ ಇಳಿಯಬೇಕು. ಇಳಿಯದಿದ್ದರೆ ಯಾವುದೋ ಪಿನ್ ಇನ್ನೂ ಸೊಟ್ಟ ಇದೆ, ತೆಗೆದು ಮತ್ತೆ ನೋಡಿ.