ಕೊನೇ ರೇಟ್ ಎಷ್ಟು ಅಂತ ಕೇಳುವ ಮುಂಚೆ

ನಿಮ್ಮ ಪ್ರಶ್ನೆ ಓದಿ ಮೊದಲು ನಗು ಬಂತು, ಆಮೇಲೆ ಸ್ವಲ್ಪ ಸಂಕಟವೂ ಆಯಿತು. ನೀವು ಬರ್ಲಿನ್‌ಗೆ ಬಂದು ಮೂರು ವಾರ. ಬ್ರೆಡ್ ತಿಂದು ತಿಂದು ನಾಲಿಗೆ ಸತ್ತಿದೆ. ಹೊರಗೆ ತಿನ್ನೋಣ ಅಂದರೆ ಯೂರೋ ಬಿಲ್ಲನ್ನು ರೂಪಾಯಿಗೆ ತರಲು 100ರಿಂದ ಗುಣಿಸಿ ಎದೆ ಧಸಕ್ ಅನ್ನುತ್ತದೆ. ಆಫೀಸಿನವರು ಭಾನುವಾರದ ಹಳೇ ಸಾಮಾನಿನ ಸಂತೆಗೆ ಹೋಗು ಅಂತಾರೆ, ಮೈಸೂರಿನಿಂದ ಅಮ್ಮ ಫೋನಿನಲ್ಲಿ ‘ಯಾರೋ ಸತ್ತವರ ಸಾಮಾನು ಮನೆಗೆ ತರಬೇಡ’ ಅಂತಾರೆ. ಜೊತೆಗೆ ಬಾಡಿಗೆ, ಭಾಷೆ, ಚಳಿ, ಶುಕ್ರವಾರದ ಬಿಯರ್ ಎಲ್ಲವನ್ನೂ ಸೇರಿಸಿ ಕೇಳಿದ್ದೀರಿ.

ಬಾಡಿಗೆ ಬಗ್ಗೆ ನನ್ನನ್ನು ಕೇಳಬೇಡಿ. ನಾನು ಹಳೇ ಕರಾರಿನಲ್ಲಿ ಕೂತಿದ್ದೇನೆ, ಈಗಿನ ರೇಟು ಕೇಳಿದರೆ ನನಗೇ ತಲೆ ತಿರುಗುತ್ತದೆ. ಚಳಿಗೆ ಒಳ್ಳೆಯ ಜಾಕೆಟ್ಟು, ಒಳ್ಳೆಯ ಶೂ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ, ಅದಕ್ಕೆ ಮಾತ್ರ ಯಾವ ಅಂಗಡಿಯಲ್ಲೂ ಮದ್ದಿಲ್ಲ. ಬಿಯರ್ ಕುಡಿಯದಿದ್ದರೆ ಆಪ್ಫೆಲ್‌ಶೋರ್ಲೆ ತಗೊಳ್ಳಿ. ಸೇಬಿನ ರಸಕ್ಕೆ ಸೋಡಾ ಹಾಕಿದ್ದು, ಯಾರೂ ಏನೂ ಅನ್ನುವುದಿಲ್ಲ. ಗ್ಲಾಸಿಗೆ ಗ್ಲಾಸು ತಾಗಿಸುವಾಗ ಮಾತ್ರ ಎದುರಿನವರ ಕಣ್ಣು ನೋಡಬೇಕು. ನಾವು ಗ್ಲಾಸು ನೋಡುತ್ತೇವೆ, ಚೆಲ್ಲೀತು ಅಂತ. ಇವರಿಗೆ ಅದು ಮರ್ಯಾದೆ ತಪ್ಪಿದ ಹಾಗೆ.

ಊಟದ ವಿಷಯ ಬೇರೆ. ಅದಕ್ಕೆ ಉದ್ದ ಉತ್ತರ ಇದೆ.

ನಾನು ಬಂದಿದ್ದು 2008ರ ನವೆಂಬರಿನಲ್ಲಿ. ಟೇಗೆಲ್ ವಿಮಾನ ನಿಲ್ದಾಣದಲ್ಲಿ ಇಳಿದೆ, ಅದು ಈಗ ಮುಚ್ಚಿಯೇ ಹೋಗಿದೆ. ಶನಿವಾರ ರಾತ್ರಿ ಮನೆ ಸೇರಿ ಮಲಗಿದೆ. ಭಾನುವಾರ ಎದ್ದು ಅಕ್ಕಿ ತರೋಣ ಅಂತ ಹೊರಟರೆ ಒಂದು ಅಂಗಡಿಯೂ ತೆಗೆದಿಲ್ಲ. ಬಂದ್ ಇರಬೇಕು ಅಂದುಕೊಂಡೆ, ನಮ್ಮೂರಿನ ಅಭ್ಯಾಸ. ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿಯನ್ನು ಬರೀ ಕೈಯಲ್ಲಿ ನೆಕ್ಕಿ ನೀರು ಕುಡಿದು ಆ ದಿನ ಕಳೆದೆ. ಈಗಲೂ ಕಾನೂನು ಅದೇ: ಭಾನುವಾರ ದಿನಸಿ ಸಿಗುವುದಿಲ್ಲ. ತೀರಾ ಬೇಕಾದರೆ ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿಗೆ ಹೋಗಬೇಕು. ಶನಿವಾರವೇ ಎಲ್ಲಾ ತಂದಿಡಿ.

ನೀವು ವೆಡ್ಡಿಂಗ್ ಬಡಾವಣೆಯಲ್ಲಿ ಇದ್ದೀರಿ ಅಂದಿರಿ ಅಲ್ವಾ. ಹಾಗಾದರೆ ಊ-8 ಮೆಟ್ರೋ ಹತ್ತಿ ನೇರ ಶ್ಯೋನ್‌ಲೈನ್‌ಸ್ಟ್ರಾಸೆಗೆ ಬನ್ನಿ. ಮಂಗಳವಾರ ಮತ್ತು ಶುಕ್ರವಾರ ಕಾಲುವೆ ದಂಡೆಯ ಮೇಲೆ ತುರ್ಕಿ ಸಂತೆ. ಅಲ್ಲಿ ಕೊತ್ತಂಬರಿ ಸೊಪ್ಪು ಕಟ್ಟು ಕಟ್ಟಾಗಿ ಸಿಗುತ್ತದೆ, ಸೂಪರ್‌ಮಾರ್ಕೆಟ್ಟಿನ ಹಾಗೆ ಕುಂಡದಲ್ಲಿ ನಾಲ್ಕು ಎಲೆ ಅಲ್ಲ. ಬೆಂಡೆಕಾಯಿ, ಬದನೆ, ದಾಳಿಂಬೆ, ಅಲಸಂದೆ ಕಾಳು, ಒಂದೊಂದು ಬಕೆಟ್ ಗಟ್ಟಿ ಮೊಸರು. ಸಂತೆ ಮುಗಿಯುವ ಅರ್ಧ ಗಂಟೆ ಮುಂಚೆ ಹೋಗಿ. ‘ಐನ್ ಆಯ್ರೋ, ಐನ್ ಆಯ್ರೋ’ ಅಂತ ಕೂಗುತ್ತಿರುತ್ತಾರೆ. ಒಂದು ಯೂರೋಗೆ ಒಂದು ರಾಶಿ. ಆ ಕೂಗು ಕೇಳಿದಾಗಲೆಲ್ಲ ನನಗೆ ಸಕಲೇಶಪುರದ ವಾರದ ಸಂತೆಯೇ ನೆನಪಾಗುತ್ತದೆ. ಕರಿಬೇವು ಮಾತ್ರ ಅಲ್ಲಿ ಕೇಳಬೇಡಿ. ಅದು ಇಂಡಿಯನ್ ಅಂಗಡಿಯಲ್ಲೇ, ಬಂಗಾರದ ರೇಟಿಗೆ.

ಉಪ್ಪಿಟ್ಟಿಗೆ ರವೆ ಯಾವುದು ಅಂತ ಕೇಳಿದ್ದೀರಿ. ಪೊಟ್ಟಣದ ಮೇಲೆ ಗ್ರೀಸ್ ಅಂತ ಬರೆದಿರುತ್ತದೆ, ಎರಡು ಜಾತಿ. ವೈಷ್‌ವೈಟ್ಸೆನ್ ಅಂದರೆ ಮೆದು ಗೋಧಿಯದು, ನನ್ನ ಕೈಯಲ್ಲಿ ಅದು ಅಂಟಂಟಾಗುತ್ತದೆ. ಹಾರ್ಟ್‌ವೈಟ್ಸೆನ್ ಅಂದರೆ ಗಟ್ಟಿ ಗೋಧಿಯದು, ಉದುರುದುರಾಗಿ ಬರುತ್ತದೆ. ನನ್ನ ಹೆಂಡತಿ ಇದನ್ನು ಒಪ್ಪುವುದಿಲ್ಲ, ಕೇಸರಿಬಾತಿಗೆ ಮೆದುವೇ ಸರಿ ಅಂತಾಳೆ. ಎರಡೂ ತನ್ನಿ. ಇನ್ನೊಂದು, ಇಲ್ಲಿನ ನಲ್ಲಿ ನೀರು ಧಾರಾಳವಾಗಿ ಕುಡಿಯಬಹುದು, ಆದರೆ ಸುಣ್ಣ ಜಾಸ್ತಿ. ತೊಗರಿಬೇಳೆ ಬೇಯಲು ಊರಿಗಿಂತ ಒಂದೆರಡು ಸೀಟಿ ಹೆಚ್ಚು ಬೇಕು. ಕೆಟಲ್‌ನ ತಳ ಬೆಳ್ಳಗಾದರೆ ಹೆದರಬೇಡಿ, ವಿನಿಗರ್ ಹಾಕಿ ಕುದಿಸಿ.

ಖಾಲಿ ಬಾಟಲಿಯನ್ನು ಕಸಕ್ಕೆ ಹಾಕಬೇಡಿ. ಅಂಗಡಿಗೆ ವಾಪಸ್ ಕೊಟ್ಟರೆ ಒಮ್ಮೆ ಬಳಸುವ ಪ್ಲಾಸ್ಟಿಕ್ ಬಾಟಲಿಗೂ ಡಬ್ಬಿಗೂ 25 ಸೆಂಟ್, ಸಾಮಾನ್ಯ ಬಿಯರ್ ಗಾಜಿಗೆ 8 ಸೆಂಟ್ ಠೇವಣಿ ವಾಪಸ್ ಬರುತ್ತದೆ. ದಾರಿಯಲ್ಲಿ ಕುಡಿದರೆ ಕಸದ ಡಬ್ಬದ ಪಕ್ಕ ನಿಲ್ಲಿಸಿ ಹೋಗಿ, ಆಯುವವರು ಬರುತ್ತಾರೆ. ಅವರು ಡಬ್ಬದೊಳಗೆ ಕೈ ಹಾಕುವಂತೆ ಮಾಡಬಾರದು.

ಈಗ ಹಳೇ ಸಾಮಾನು. ಈ ಊರಿನ ಫುಟ್‌ಪಾತಿನಲ್ಲಿ, ಮನೆ ಬಾಗಿಲ ಮುಂದೆ ರಟ್ಟಿನ ಡಬ್ಬ ಇಟ್ಟು ‘ತ್ಸು ಫರ್‌ಶೆಂಕೆನ್’ ಅಂತ ಬರೆದಿರುತ್ತಾರೆ. ಸುಮ್ನೆ ತಗೊಂಡು ಹೋಗಿ ಅಂತ ಅರ್ಥ. ಮೊದಲ ವರ್ಷ ನಾನು ಆ ಕಡೆ ತಿರುಗಿಯೂ ನೋಡಲಿಲ್ಲ. ಇಂಜಿನಿಯರು, ಬೀದಿಯಲ್ಲಿ ಬಿದ್ದದ್ದನ್ನು ಎತ್ತುವುದೇ ಅಂತ ಅಹಂಕಾರ. ಒಂದು ಸಂಜೆ ಅಂಥ ಡಬ್ಬದಲ್ಲಿ ತುಕ್ಕು ಹಿಡಿದ ಎರಕದ ಕಾವಲಿ ಕಂಡಿತು. ಆ ಕಡೆ ಈ ಕಡೆ ನೋಡಿ, ಕೋಟಿನೊಳಗೆ ಬಚ್ಚಿಟ್ಟು ತಂದೆ, ಕದ್ದವನ ಹಾಗೆ. ಉಪ್ಪು ಹಾಕಿ ಉಜ್ಜಿದೆ, ಎಣ್ಣೆ ಸವರಿ ಕಾಯಿಸಿದೆ, ಅರ್ಧ ಈರುಳ್ಳಿಯಲ್ಲಿ ತಿಕ್ಕಿದೆ. ನಾಲ್ಕನೇ ದೋಸೆ ತಾನಾಗಿ ಎದ್ದು ಬಂತು. ಬರ್ಲಿನ್ ನನ್ನದಾಗಿದ್ದು ಆ ರಾತ್ರಿ ಅಂತ ಇಟ್ಟುಕೊಳ್ಳಿ.

ಬಟ್ಟೆಗೆ ಫ್ರಾಂಕ್‌ಫುರ್ಟರ್ ಟೋರ್‌ನ ಹುಮಾನ ಅಂಗಡಿ ನೋಡಿ, ಹಲವು ಮಹಡಿ ತುಂಬ ಯಾರೋ ತೊಟ್ಟು ಬಿಟ್ಟ ಕೋಟುಗಳು. ಹಾಸಿಗೆ, ಸೋಫಾ ಮಾತ್ರ ಬೀದಿಯಿಂದ ತರಬೇಡಿ. ತಿಗಣೆ ಬಂದರೆ ಅಮ್ಮನ ಮಾತು ನಿಜವಾಗುತ್ತದೆ.

ಸಂತೆಗೆ ಬರುತ್ತೇನೆ. ಭಾನುವಾರ ಮೌವರ್‌ಪಾರ್ಕ್‌ನಲ್ಲಿ ಒಂದು, ಬಾಕ್ಸ್‌ಹಾಗೆನರ್ ಪ್ಲಾಟ್ಸ್‌ನಲ್ಲಿ ಒಂದು. ಮೊದಲನೆಯದರಲ್ಲಿ ಪ್ರವಾಸಿಗರ ಜಾತ್ರೆ, ನನಗೆ ಎರಡನೆಯದೇ ಇಷ್ಟ. 2009ರ ಬೇಸಿಗೆಯಲ್ಲಿ ಅಲ್ಲಿ ಒಬ್ಬ ಅಜ್ಜಿ ನೆಲದ ಮೇಲೆ ದುಪ್ಪಟಿ ಹಾಸಿ ಕೂತಿದ್ದರು. ಹಳೇ ಪೂರ್ವ ಜರ್ಮನಿಯ ರೈಲಿನ ಮಿಟ್ರೋಪಾ ಕಪ್ಪುಗಳು, ಕೋಳಿ ಆಕಾರದ ಪ್ಲಾಸ್ಟಿಕ್ ಮೊಟ್ಟೆ ಬಟ್ಟಲು, ನಡುವೆ ಮರದ ಪೆಟ್ಟಿಗೆಯ ಕಾಫಿ ಮಿಲ್ಲು. ಮೇಲೆ ಹಿಡಿಕೆ, ಕೆಳಗೆ ಪುಟ್ಟ ಡ್ರಾಯರು. ಮಂಡಿಗಳ ನಡುವೆ ಇಟ್ಟುಕೊಂಡು ತಿರುಗಿಸುವಂಥದ್ದು. ನಮ್ಮಜ್ಜಿ ಮನೆಯಲ್ಲಿ ಗೋಡೆಗೆ ಹೊಡೆದಿದ್ದ ಮಿಲ್ಲಿನ ತಂಗಿಯ ಹಾಗಿತ್ತು. ಚೀಟಿಯಲ್ಲಿ 18 ಯೂರೋ ಅಂತ ಬರೆದಿತ್ತು.

ನಾನು 8 ಅಂದೆ. ಅಜ್ಜಿ ತಲೆ ಅಲ್ಲಾಡಿಸಿದರು. ಅವೆನ್ಯೂ ರಸ್ತೆಯಲ್ಲಿ ಕಲಿತ ವಿದ್ಯೆ ತೋರಿಸಿದೆ: ಬೇಡ ಅನ್ನುವ ಮುಖ ಮಾಡಿ ನಾಲ್ಕು ಹೆಜ್ಜೆ ನಡೆದೆ. ನಮ್ಮಲ್ಲಾದರೆ ‘ಬನ್ನಿ ಸಾರ್’ ಅಂತ ಹಿಂದಿನಿಂದ ಕೂಗಬೇಕಿತ್ತು. ಇಲ್ಲಿ ಯಾರೂ ಕೂಗಲಿಲ್ಲ. ನಾನೇ ನಾಚಿಕೆ ಬಿಟ್ಟು ವಾಪಸ್ ಹೋಗಿ 10 ಅಂದೆ. ಅಜ್ಜಿ ಸ್ವಲ್ಪ ಹೊತ್ತು ಮಿಲ್ಲನ್ನೇ ನೋಡಿದರು. ಆಮೇಲೆ ಹಿಡಿಕೆ ಮುಟ್ಟಿಕೊಂಡು ಏನೇನೋ ಹೇಳಿದರು, ಮೂರ್ನಾಲ್ಕು ಸಲ ‘ಮೈನ್ ಮನ್, ಮೈನ್ ಮನ್’ ಅಂದರು. ನನಗೆ ಆಗ ಜರ್ಮನ್‌ನಲ್ಲಿ ಹತ್ತರವರೆಗೆ ಎಣಿಸಲು ಬರುತ್ತಿತ್ತು, ಅಷ್ಟೇ. ಇಂಗ್ಲಿಷಿನ ‘ಮೈ ಮ್ಯಾನ್’ ಇರಬೇಕು, ಮುದುಕಿ ಜೋರಾಗಿದ್ದಾಳೆ ಅಂದುಕೊಂಡು ನಾನೂ ಹಲ್ಲು ಕಿಸಿದು ‘ಯಾ, ಮೈನ್ ಮನ್!’ ಅಂದೆ. ಹೆಬ್ಬೆರಳು ಬೇರೆ ಎತ್ತಿ ತೋರಿಸಿದೆ. ಅವರು ಮಾತು ನಿಲ್ಲಿಸಿದರು. ಪೇಪರಿನಲ್ಲಿ ಸುತ್ತಿ ಕೊಟ್ಟರು. ದುಡ್ಡು ಎಣಿಸಲಿಲ್ಲ.

ಎರಡು ತಿಂಗಳ ನಂತರ ಭಾಷೆಯ ಕ್ಲಾಸಿಗೆ ಸೇರಿದೆ. ಸಂಸಾರದ ಪಾಠ ಬಂತು. ಅಪ್ಪ, ಅಮ್ಮ, ಮಗಳು. ಮೈನ್ ಮನ್: ನನ್ನ ಗಂಡ.

ಆಮೇಲೆ ಅಜ್ಜಿಯನ್ನು ಹುಡುಕಿಕೊಂಡು ಎಷ್ಟು ಭಾನುವಾರ ಹೋದೆನೋ ಲೆಕ್ಕವಿಲ್ಲ. ಮನೆ ಖಾಲಿ ಮಾಡುವವರು ಒಂದು ದಿನ ಬರುತ್ತಾರೆ, ಮತ್ತೆ ಬರುವುದಿಲ್ಲ. ಉಳಿಸಿದ 8 ಯೂರೋ ಇವತ್ತಿಗೂ ಚುಚ್ಚುತ್ತದೆ. ಅದಕ್ಕಿಂತ ಆ ಹೆಬ್ಬೆರಳು ಜಾಸ್ತಿ ಚುಚ್ಚುತ್ತದೆ.

ಭಾಷೆ ಯಾವಾಗ ಕಲಿಯಲಿ ಅಂತ ಕೇಳಿದ್ದಿರಿ. ಸಂತೆಗೆ ಹೋಗುವ ಮುಂಚೆ. ಚೌಕಾಸಿ ಇಲ್ಲಿ ತಪ್ಪಲ್ಲ, ಎರಡು ಮೂರು ಯೂರೋ ಕೇಳಬಹುದು. ಹಳೇ ಸಾಮಾನು ಮಾರುವ ಕ್ಲೈನ್‌ಆಂತ್ಸೈಗೆನ್ ಎಂಬ ವೆಬ್‌ಸೈಟಿನಲ್ಲಿ ‘ಫಾವ್ ಬೇ’ (VB) ಎಂಬ ಎರಡು ಅಕ್ಷರ ಇದ್ದರೆ ರೇಟು ಮಾತಾಡಬಹುದು ಅಂತ ಅರ್ಥ. ಆದರೆ ನಮ್ಮ ‘ಕೊನೇ ರೇಟ್ ಎಷ್ಟು’ ಅನ್ನುವುದನ್ನು ಹಾಗೇ ಜರ್ಮನ್‌ಗೆ ತಂದು ಮೊದಲ ಸಾಲಿನಲ್ಲೇ ಬರೆಯಬೇಡಿ. ಇಲ್ಲಿ ಅದೊಂದು ದೊಡ್ಡ ಜೋಕು. ಮೊದಲು ನಮಸ್ಕಾರ ಹೇಳಿ.

ಅಮ್ಮನಿಗೆ ಏನು ಹೇಳಲಿ ಅಂದಿರಿ. ನಾನು ನನ್ನ ಅಮ್ಮನಿಗೆ ಮಿಲ್ಲು ಹೊಸದು ಅಂತ ಸುಳ್ಳು ಹೇಳಿದ್ದೆ. 2014ರಲ್ಲಿ ಅವರು ಬಂದರು. ಮೊದಲ ಬೆಳಿಗ್ಗೆಯೇ ಮಿಲ್ಲನ್ನು ಸೀರೆಯ ಮೇಲೆ ಮಂಡಿಗಳ ನಡುವೆ ಇಟ್ಟುಕೊಂಡು, ಹಿಡಿಕೆಯ ಗುಂಡಿನ ಮೇಲೆ ಬೆರಳಾಡಿಸಿದರು. ಬಣ್ಣ ಹೋಗಿ, ಒಂದು ಕಡೆ ಮಾತ್ರ ಸವೆದು ನುಣ್ಣಗಾಗಿತ್ತು. ‘ಎಡಗೈಯವರು’ ಅಂದರು. ಬೇರೇನೂ ಕೇಳಲಿಲ್ಲ. ಇದ್ದ ಮೂರು ತಿಂಗಳೂ ಅವರೇ ಪುಡಿ ಮಾಡಿದರು.

ನೀವು ಒಂದು ಭಾನುವಾರ ಬನ್ನಿ. ಫಿಲ್ಟರ್ ಕಾಫಿ ಕುಡಿದು ಜೊತೆಗೇ ಸಂತೆಗೆ ಹೋಗೋಣ. ಚಿಕೋರಿ ಹಾಕಬೇಕೋ ಬೇಡವೋ ಮೊದಲೇ ತಿಳಿಸಿ. ಇಲ್ಲಿನವರಿಗೂ ಚಿಕೋರಿ ಹೊಸದಲ್ಲ. ಹಿಂದೆ ಇಲ್ಲಿ ಆಳುತ್ತಿದ್ದ ಪ್ರಷ್ಯದ ದೊರೆ ಫ್ರೆಡ್ರಿಕ್ 1781ರಲ್ಲಿ ಸಾಮಾನ್ಯ ಜನ ಮನೆಯಲ್ಲಿ ಕಾಫಿ ಹುರಿಯುವುದನ್ನೇ ನಿಷೇಧಿಸಿ, ಬೀದಿಯಲ್ಲಿ ವಾಸನೆ ಹಿಡಿಯಲು ಹಳೇ ಸೈನಿಕರನ್ನು ಇಟ್ಟಿದ್ದ, ಜನ ಚಿಕೋರಿ ಕಾಯಿಸಿ ಕುಡಿದರು. ನಮ್ಮ ಮನೆಯಲ್ಲಿ ಹಾಕುವುದಿಲ್ಲ. ನಿಮಗೆ ಬೇಕಾದರೆ ಒಂದು ಚಮಚ ಎತ್ತಿಡುತ್ತೇನೆ.