ಮೂಡಿಗೆರೆ ತಮ್ಮನ ಪ್ರಶ್ನೆಗೆ: ಓದುಗರು ಹೇಳಿದ್ದರಲ್ಲಿ ಯಾವುದನ್ನು ಎತ್ತಿಡಬೇಕು

ಮೂಡಿಗೆರೆಯಿಂದ ಕೇಳಿರುವ ತಮ್ಮನಿಗೆ ನಮಸ್ಕಾರ. ನಿಮ್ಮ ಪ್ರಶ್ನೆ ಇಷ್ಟು: ಎರಡು ವರ್ಷದಿಂದ ಊರ ಕಡೆಯ ಕಬಡ್ಡಿ, ವಾಲಿಬಾಲ್ ಪಂದ್ಯಗಳ ವರದಿ ಬರೆದು ಪತ್ರಿಕೆಗೆ ಕಳಿಸುತ್ತಿದ್ದೀರಿ, ಯಾರಾದರೂ ಚೆನ್ನಾಗಿದೆ ಅಂದರೆ ಎರಡು ದಿನ ಖುಷಿ, ಯಾರಾದರೂ ಬೈದರೆ ರಾತ್ರಿ ನಿದ್ದೆ ಇಲ್ಲ, ಹೀಗಿರುವಾಗ ಓದುಗರ ಮಾತನ್ನು ಎಷ್ಟು ಹಚ್ಚಿಕೊಳ್ಳಬೇಕು ಅಂತ. ನನಗಿಂತ ಮೊದಲು ಉತ್ತರ ಕೊಟ್ಟ ಮೂರ್ನಾಲ್ಕು ಜನ 'ತಲೆ ಕೆಡಿಸಿಕೊಳ್ಳಬೇಡಿ, ಸುಮ್ನೆ ಬರೀತಾ ಹೋಗಿ' ಅಂದಿದ್ದಾರೆ. ನಾನು ಒಪ್ಪುವುದಿಲ್ಲ. ಹಾಸನದಲ್ಲಿ ಇದ್ದುಕೊಂಡು ಇಪ್ಪತ್ತೆರಡು ವರ್ಷ ಆಟದ ಸುದ್ದಿ ಬರೆದಿದ್ದೇನೆ. ನನ್ನ ಕೈ ತಿದ್ದಿದ್ದು ಓದುಗರೇ. ಆದರೆ ಬಂದ ಹೊಗಳಿಕೆಯೆಲ್ಲ ಒಂದೇ ತೂಕದ್ದಲ್ಲ, ಅದನ್ನು ಆರಿಸುವುದು ಹೇಗೆ ಅಂತ ನನಗೆ ಬಂದ ಮೂರು ಮಾತುಗಳ ಮೂಲಕವೇ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

2017ರ ಮಹಿಳಾ ಕ್ರಿಕೆಟ್ ವಿಶ್ವಕಪ್ ನೆನಪಿದೆ ಅಲ್ವಾ? ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿ ಜುಲೈ 15ರಂದು ಡರ್ಬಿಯಲ್ಲಿ ನ್ಯೂಜಿಲೆಂಡ್ ವಿರುದ್ಧ 45 ಎಸೆತಕ್ಕೆ 70 ರನ್ ಹೊಡೆದರು. ಸೋತಿದ್ದರೆ ಗಂಟುಮೂಟೆ ಕಟ್ಟಬೇಕಿದ್ದ ಪಂದ್ಯ ಅದು. ಎಂಟು ದಿನ ಬಿಟ್ಟು ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್ ಮೇಲೆ ಫೈನಲ್. ಗೆಲ್ಲಲು 229 ಬೇಕಿತ್ತು, 3 ವಿಕೆಟ್‌ಗೆ 191 ಇದ್ದ ತಂಡ 219ಕ್ಕೆ ಆಲೌಟ್ ಆಗಿ 9 ರನ್‌ನಿಂದ ಸೋತಿತು. ವೇದಾ 35 ಹೊಡೆದು ಔಟಾಗಿದ್ದರು. ಕಪ್ ಕೈಗೆ ಬಂದು ಜಾರಿದ ಸಂಕಟಕ್ಕೆ ನಾನು ಮಾರನೇ ದಿನದ ಬರಹದಲ್ಲಿ ಅವರು ಔಟಾದ ಆ ಒಂದು ಹೊಡೆತವನ್ನೇ ಹಿಡಿದು ಜಗ್ಗಾಡಿದ್ದೆ.

ವಾರದೊಳಗೆ ಒಂದು ಪೋಸ್ಟ್ ಕಾರ್ಡ್ ಬಂತು. ಕಡೂರು ಕಡೆಯ ಹೈಸ್ಕೂಲ್ ಹುಡುಗಿ ಬರೆದಿದ್ದು. ಅಕ್ಷರ ಸೊಟ್ಟ ಆಗಬಾರದು ಅಂತ ಪೆನ್ಸಿಲ್‌ನಲ್ಲಿ ಗೆರೆ ಹಾಕಿಕೊಂಡು, ನೀಲಿ ಇಂಕಿನಲ್ಲಿ ಬರೆದು, ಆಮೇಲೆ ಗೆರೆಗಳನ್ನು ರಬ್ಬರಿನಿಂದ ಅಳಿಸಿದ್ದಳು. ಕೆಲವು ಕಡೆ ಇಂಕು ಕೂಡ ಮಸುಕಾಗಿತ್ತು. ಡರ್ಬಿ ಪಂದ್ಯದ ಬಗ್ಗೆ ನೀವು ಬರೆದದ್ದನ್ನು ಕತ್ತರಿಸಿ ಗಣಿತದ ನೋಟ್‌ಬುಕ್‌ಗೆ ಅಂಟಿಸಿಕೊಂಡಿದ್ದೇನೆ ಅಂತ ಶುರು ಮಾಡಿದ್ದಳು. ಓದಿ ನಾನು ಹಿಗ್ಗುವಷ್ಟರಲ್ಲೇ ಮುಂದಿನ ಸಾಲು. ಫೈನಲ್ ಬಗ್ಗೆ ಬರೆದದ್ದರಲ್ಲಿ ಅಕ್ಕನ 70 ರನ್‌ಗೆ ಎರಡು ಸಾಲು, ಅಕ್ಕ ಔಟಾದದ್ದಕ್ಕೆ ಒಂಬತ್ತು ಸಾಲು ಹಾಕಿದ್ದೀರಿ, 28 ರನ್‌ಗೆ ಏಳು ವಿಕೆಟ್ ಬಿತ್ತಲ್ಲ ಸಾರ್, ಉಳಿದ ಆರು ಜನ ಎಲ್ಲಿ?

ಪತ್ರಿಕೆ ತೆಗೆದು ಎಣಿಸಿದೆ. ಎರಡು, ಒಂಬತ್ತು. ಅವಳ ಲೆಕ್ಕ ಸರಿ ಇತ್ತು. ನಾನು ಅವಳಿಗೆ ಉತ್ತರ ಬರೆದೆ, ತಪ್ಪು ನನ್ನದು ಅಂತ ಒಪ್ಪಿಕೊಂಡೆ. ಅವತ್ತಿನಿಂದ ಸೋಲಿನ ವರದಿ ಬರೆದು ಮುಗಿಸಿದ ಮೇಲೆ ಯಾರ ಹೆಸರಿಗೆ ಎಷ್ಟು ಸಾಲು ಹೋಗಿದೆ ಅಂತ ಬೆರಳಿಟ್ಟು ಎಣಿಸುತ್ತೇನೆ. ನೀವೂ ಇದನ್ನು ಮಾಡಿ, ಐದು ನಿಮಿಷದ ಕೆಲಸ.

ಎರಡನೆಯದು ಸಕಲೇಶಪುರ ಕಡೆಯ ಒಬ್ಬ ಪಿ.ಟಿ. ಮೇಷ್ಟ್ರದ್ದು, ಆಗಲೇ ರಿಟೈರ್ ಆಗಿದ್ದವರು. ಕಬಡ್ಡಿ ವರದಿಯಲ್ಲಿ ನಾನು 'ಎದುರಿಗೆ ಐದು ಜನ ಇದ್ದಾಗ ಬೋನಸ್ ತಂದ' ಅಂತ ಬರೆದಿದ್ದೆ. ಬೋನಸ್ ಅಂದರೆ ಎದುರಾಳಿ ಅಂಗಳದ ಬೋನಸ್ ಗೆರೆ ದಾಟಿದ ರೈಡರ್‌ಗೆ, ಅಂದರೆ ದಾಳಿಗೆ ಹೋದವನಿಗೆ, ಸಿಗುವ ಪಾಯಿಂಟ್. ಬೆಳಿಗ್ಗೆ ಆರೂವರೆಗೇ ಫೋನ್. 'ಕಾಪಾಡುವ ತಂಡದಲ್ಲಿ ಆರು ಜನ ಇಲ್ಲಾ ಜಾಸ್ತಿ ಇದ್ದರೆ ಮಾತ್ರ ಬೋನಸ್ ಗೆರೆಗೆ ಬೆಲೆ ಕಣಯ್ಯಾ, ಐದು ಜನ ಇದ್ದಾಗ ಅಂಪೈರ್ ಹೇಗೆ ಕೊಟ್ಟ? ಅವನು ತಪ್ಪಿದ್ದಾನೋ ನೀನು ತಪ್ಪಿದ್ದೀಯೋ?' ತಪ್ಪಿದ್ದು ನಾನು. ಮೂಲೆಯಲ್ಲಿ ನಿಂತಿದ್ದ ಆರನೆಯವನು ನಾನು ಕೂತ ಜಾಗದಿಂದ ಕಂಡಿರಲಿಲ್ಲ. ಮೇಷ್ಟ್ರು ಬೈದು ಫೋನ್ ಇಡಲಿಲ್ಲ, ದಾರಿಯನ್ನೂ ಹೇಳಿದರು. ಸ್ಕೋರರ್ ಪಕ್ಕ ಕೂತುಕೋ, ಪ್ರತಿ ರೈಡ್‌ಗೂ ಒಳಗೆ ಎಷ್ಟು ಜನ ಇದ್ದಾರೆ ಅಂತ ಅಂಚಿನಲ್ಲಿ ಗುರುತು ಹಾಕಿಕೋ, ಮೂರು ಇಲ್ಲಾ ಅದಕ್ಕಿಂತ ಕಮ್ಮಿ ಜನ ಇದ್ದು ರೈಡರ್‌ನನ್ನು ಹಿಡಿದರೆ ಅದು ಸೂಪರ್ ಟ್ಯಾಕಲ್, ಒಂದು ಪಾಯಿಂಟ್ ಜಾಸ್ತಿ, ಆ ಗುರುತು ಇಲ್ಲದಿದ್ದರೆ ಅದೂ ನಿನ್ನ ಕಣ್ಣಿಗೆ ಬೀಳುವುದಿಲ್ಲ ಅಂದರು.

ಅವರು ಹೇಳಿದ ಹಾಗೇ ಮಾಡಿದೆ. ಎರಡು ವರ್ಷ ಆದಮೇಲೆ ಮತ್ತೆ ಅವರದೇ ಫೋನ್. 'ನಿನ್ನೆ ಆಟ ನೋಡಲು ಹೋಗಲಾಗಲಿಲ್ಲ. ನೀನು ಬರೆದದ್ದನ್ನು ಓದಿಕೊಂಡೇ ಸ್ಕೋರ್ ಶೀಟ್ ತುಂಬಿದೆ, ಪಾಯಿಂಟ್ ತಾಳೆ ಆಯ್ತು.' ಇಷ್ಟೇ ಹೇಳಿ ಇಟ್ಟರು. ನನಗೆ ಬಂದ ಹೊಗಳಿಕೆಯಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಈಗಲೂ ಹೇಳುವಾಗ ಗಂಟಲು ಕಟ್ಟುತ್ತದೆ.

ಮೂರನೆಯದು ಹೊಗಳಿಕೆ ಅನ್ನುವುದಕ್ಕಿಂತ ಒಂದು ಪ್ರಶ್ನೆ. ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು 2023ರ ಅಕ್ಟೋಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಟಿ11 ವಿಭಾಗದ 1500 ಮೀಟರ್ ಚಿನ್ನ ಗೆದ್ದಾಗ, ಕಣ್ಣು ಕಾಣದವರು ಟ್ರ್ಯಾಕ್ ಮೇಲೆ ಹೇಗೆ ಓಡುತ್ತಾರೆ ಅಂತ ವಿವರಿಸಿ ಬರೆದೆ. ಕಣ್ಣಿಗೆ ಪಟ್ಟಿ ಇರುತ್ತದೆ, ಪಕ್ಕದಲ್ಲಿ ಗೈಡ್ ಓಡುತ್ತಾರೆ, ಇಬ್ಬರ ನಡುವೆ ಒಂದು ಸಣ್ಣ ಹಗ್ಗ, ಗುರಿ ಗೆರೆಯನ್ನು ಗೈಡ್ ಮೊದಲು ದಾಟುವಂತಿಲ್ಲ, ಹೀಗೆ. ಅಂಧ ಮಕ್ಕಳಿಗೆ ಪಾಠ ಹೇಳುವ ಮೇಡಂ ಒಬ್ಬರು ಫೋನ್ ಮಾಡಿ, ತರಗತಿಯಲ್ಲಿ ಗಟ್ಟಿಯಾಗಿ ಓದಿದೆ, ಮಕ್ಕಳು ಎರಡು ಸಲ ಓದಿಸಿಕೊಂಡರು ಅಂದರು. ಆಮೇಲೆ ಒಬ್ಬ ಹುಡುಗನ ಕೈಗೆ ಫೋನ್ ಕೊಟ್ಟರು. ಅವನು ಕೇಳಿದ್ದು ಒಂದೇ ಮಾತು: 'ಜೋರಾಗಿ ಓಡೋದು ಯಾವಾಗ ಅಂತ ಯಾರು ಹೇಳ್ತಾರೆ, ಅಕ್ಕನೋ ಗೈಡೋ?'

ಬರಹದಲ್ಲಿ ಅದೇ ಇರಲಿಲ್ಲ! ಓಟ ಓಟಗಾರ್ತಿಯದೇ, ಗೈಡ್ ಎಳೆಯುವಂತಿಲ್ಲ, ತಳ್ಳುವಂತಿಲ್ಲ, ಅವರ ಹೆಜ್ಜೆಗೆ ತನ್ನ ಹೆಜ್ಜೆ ಹೊಂದಿಸಬೇಕು, ತಿರುವು ಎಲ್ಲಿ, ಹಿಂದೆ ಯಾರಿದ್ದಾರೆ ಅಂತ ಬಾಯಲ್ಲಿ ಹೇಳುತ್ತಿರಬೇಕು. ಇದನ್ನು ಅವನಿಗೆ ಹೇಳಿದೆ, ಆಮೇಲೆ ಇನ್ನೊಂದು ಬರಹ ಮಾಡಿದೆ. ಹಗ್ಗದ ಬಗ್ಗೆ ಬರೆದು, ಓಡುವವಳ ಮನಸ್ಸಿನ ಬಗ್ಗೆ ಬರೆಯದೇ ಹೋಗಿದ್ದೆನಲ್ಲ ಅಂತ ಇವತ್ತಿಗೂ ಅನ್ನಿಸುತ್ತದೆ.

ಈಗ ನಿಮ್ಮ ವಿಷಯ. ಬರಹದ ಯಾವುದೋ ಒಂದು ಸಾಲು, ಒಂದು ಹೆಸರು, ಒಂದು ಅಂಕಿ ಹಿಡಿದು ಮಾತಾಡುವವರು ನಿಜವಾಗಿ ಓದಿದವರು. ಅವರು ಬೈದರೂ ಎತ್ತಿಡಿ. ಗುಂಪಿನಲ್ಲಿ ಬೀಳುವ ಹೆಬ್ಬೆಟ್ಟು, 'ಸೂಪರ್ ಸಾರ್' ಇವಕ್ಕೆ ಕೈ ಮುಗಿದು ಮುಂದೆ ಹೋಗಿ. ಟೂರ್ನಮೆಂಟ್ ನಡೆಸುವವರು ವೇದಿಕೆಗೆ ಕರೆದು ಶಾಲು ಹೊದಿಸುತ್ತಾರೆ, ಅದರಲ್ಲಿ ಪ್ರೀತಿಯೂ ಇರುತ್ತದೆ, ಮುಂದಿನ ವರ್ಷ ದೊಡ್ಡದಾಗಿ ಬರಲಿ ಅನ್ನುವ ಆಸೆಯೂ ಇರುತ್ತದೆ. ಶಾಲು ಸರಿ. ಮನೆಗೆ ಕಾಫಿಪುಡಿ, ಮೆಣಸು ಕಳಿಸಿದರೆ ಮಾತ್ರ ಮರ್ಯಾದೆಯಿಂದ ವಾಪಸ್ ಮಾಡಿ. ಅಪ್ಪ ಅಮ್ಮಂದಿರ ಫೋನ್ ಬಂದರೆ ಪೂರ್ತಿ ಕೇಳಿಸಿಕೊಳ್ಳಿ, ಅವರ ಮಗುವಿನ ಹೆಸರು ಅಚ್ಚಾಗಿದೆ, ಅದು ಅವರ ಸಂಭ್ರಮ. ಸೋತ ತಂಡದ ಕ್ಯಾಪ್ಟನ್ 'ಸರಿಯಾಗಿ ಬರೆದಿದ್ದೀರಿ' ಅಂದರೆ ಆ ದಿನದ ವರದಿಯನ್ನು ತೆಗೆದಿಟ್ಟು ಮತ್ತೆ ಓದಿ, ಅಲ್ಲಿ ಏನೋ ಒಳ್ಳೆಯದು ಮಾಡಿರುತ್ತೀರಿ.

ಹೆಸರು ತಪ್ಪಾಗಿದೆ ಅಂತ ಬಂದ ದೂರಿಗೆ ಅವತ್ತೇ ಉತ್ತರ ಕೊಡಿ, ತಿದ್ದುಪಡಿ ಹಾಕಿಸಿ. ನಮ್ಮ ಕಡೆ ಒಂದೇ ತಾಲ್ಲೂಕಿನಲ್ಲಿ ಎರಡು ಮೂರು ಹೊಸಹಳ್ಳಿ ಇರುತ್ತವೆ, ಒಂದೇ ತಂಡದಲ್ಲಿ ಇಬ್ಬರು ಮಂಜುನಾಥ ಇರುತ್ತಾರೆ. ನಾನು ಆಟಗಾರರ ಕೈಗೇ ನೋಟ್‌ಬುಕ್ ಕೊಟ್ಟು ಹೆಸರು, ಊರು ಅವರಿಂದಲೇ ಬರೆಸಿಕೊಳ್ಳುತ್ತೇನೆ. ಬರೀ ಜಾತಿ, ಊರು ಎತ್ತಿ ಬೈಯುವವರಿಗೆ ಉತ್ತರ ಬೇಡ, ನಂಬರ್ ಬ್ಲಾಕ್ ಮಾಡಿ ಮಲಗಿ.

ಒಂದು ಇನ್ನೂರು ಪುಟದ ಪುಸ್ತಕ ತನ್ನಿ. ಎಡಗಡೆ ಓದುಗರು ಹೇಳಿದ್ದು ಅವರದೇ ಮಾತಲ್ಲಿ, ತಾರೀಕು ಸಮೇತ. ಬಲಗಡೆ ಅದರಿಂದ ನೀವು ಏನು ಬದಲಾಯಿಸಿದಿರಿ ಅಂತ. ಬಲಗಡೆ ಖಾಲಿ ಉಳಿದರೆ ಪರವಾಗಿಲ್ಲ, ತಿಂಗಳಿಗೊಮ್ಮೆ ತಿರುವಿ ನೋಡಿ. ಮಕ್ಕಳು ಬರೆದ ಕಾಗದದ ಫೋಟೋ ಎಲ್ಲೂ ಹಾಕಬೇಡಿ, ಅದಕ್ಕೇ ಕಡೂರಿನ ಕಾರ್ಡನ್ನು ನಾನೂ ಇಲ್ಲಿ ಹಾಕಿಲ್ಲ.

ಹೋದ ವಾರ ನಿಮ್ಮನ್ನು ಬೈದವರು ಏನು ಅಂದರು ಅಂತ ನೀವು ಬರೆದಿಲ್ಲ. ಅವರ ಮಾತನ್ನು ಹಾಗೇ ಇಲ್ಲಿ ಹಾಕಿ, ಜೊತೆಗೆ ಆ ವರದಿಯನ್ನೂ ಹಾಕಿ. ಸಂಜೆ ತೋಟದಿಂದ ಬಂದು ಎರಡನ್ನೂ ಓದಿ ಹೇಳುತ್ತೇನೆ.